ಇಸ್ಟ್ರಿ ಮೇಷ್ಟ್ರು ಮತ್ತು ಆರ್ಯರ ದಾಳಿ

ಅವರಿಂದ ಏಟು ತಿನ್ನದ ಹುಡುಗ ನಮ್ಮ ಹೈಸ್ಕೂಲಿನಲ್ಲಿ ಒಬ್ಬನೂ ಇರಲಿಲ್ಲ. ಹುಡುಗರದ್ದಿರಲಿ, ಜೊತೆಯಲ್ಲಿ ಪಾಠ ಮಾಡುತ್ತಿದ್ದ ನಾನೇ ಒಂದು ಸಲ ತಿಂದಿದ್ದೇನೆ. ಕನ್ನಡ ಪಂಡಿತನಾಗಿ ನಾನು ಆ ಶಾಲೆಗೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಉಪಾಧ್ಯಾಯರ ಕೋಣೆಯಲ್ಲಿ ಕೂತು, “ಈ ಆರ್ಯರು ದ್ರಾವಿಡರು ಅನ್ನೋದೆಲ್ಲ ಬ್ರಿಟಿಷರು ಕಟ್ಟಿದ ಕತೆಯಂತೆ ಸಾರ್” ಎಂದು ಹಗುರವಾಗಿ ಅಂದೆ. ಮರದ ಡಸ್ಟರು ಹಾರಿಬಂದು ನನ್ನ ಹಣೆಗೆ ಬಡಿಯಿತು. ರಕ್ತ ಹುಬ್ಬಿನವರೆಗೆ ಇಳಿಯುವಷ್ಟರಲ್ಲಿ ಎಸೆದವರೇ ಓಡಿಬಂದು, ಟವಲ್ಲಿನಿಂದ ನನ್ನ ತಲೆಯನ್ನು ಬಿಗಿದು ಕಟ್ಟಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಂಪೌಂಡರ್ ಹತ್ತಿರ ಹೊರಟರು. ದಾರಿಯಲ್ಲಿ ಕ್ಷಮೆ ಕೇಳಲಿಲ್ಲ. ವಾದ ಮುಂದುವರಿಸಿದರು.

“ಕತೆ ಅಂತ ಯಾರ್ರೀ ಹೇಳಿದ್ದು ನಿಮಗೆ? ಸಂಸ್ಕೃತಕ್ಕೂ ಇರಾನಿನ ಹಳೇ ಭಾಷೆಗೂ ಅಕ್ಕತಂಗಿ ಸಂಬಂಧ ಇದೆ. ಅದನ್ನೂ ಬ್ರಿಟಿಷರೇ ಕಟ್ಟಿದ್ರಾ? ತಲೆ ಹಿಂದಕ್ಕೆ ಹಿಡ್ಕೊಳ್ರೀ, ರಕ್ತ ನನ್ನ ಅಂಗಿ ಮೇಲೆ ಬೀಳ್ತಿದೆ.”

ಮೂರು ಹೊಲಿಗೆ ಬಿದ್ದವು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಊರಿನವರ ಬಾಯಲ್ಲಿ ಅವರ ಹೆಸರು ಎಂದೂ ಇರಲೂ ಇಲ್ಲ. ಹಿಸ್ಟರಿ ಪಾಠ ಮಾಡುವವರಾದ್ದರಿಂದ ಅವರು ‘ಇಸ್ಟ್ರಿ ಮೇಷ್ಟ್ರು’. ಶಾಲೆ ಇದ್ದದ್ದು ಕೊಡಿಗೇನಹಳ್ಳಿಯಿಂದ ಒಂದಷ್ಟು ಒಳಗಿನ ಹಳ್ಳಿಯಲ್ಲಿ. ಅದರ ಹೆಸರೂ ಬೇಡ. ಅಲ್ಲಿ ನಡೆದದ್ದನ್ನು ನೋಡಿದವರು, ಮಾಡಿದವರು ಇನ್ನೂ ಅಲ್ಲಿಯೇ ಇದ್ದಾರೆ.

ಆರಡಿಯ ಆಳು. ಅಗಲ ಎದೆ, ಕಬ್ಬಿಣದಂಥ ಅಂಗೈ. ಸಿರಾ ಕಡೆಯ ಕುರಿ ಕಾಯುವ ಮನೆಯವರು. ಆ ಮನೆಯಲ್ಲಿ ಮೊದಲು ಕಾಲೇಜು ಹತ್ತಿದವರು. ಚಳಿಗಾಲದಲ್ಲಿ ಪ್ಯಾಂಟು ಷರಟಿನ ಮೇಲೆ ಕರಿಕಂಬಳಿ ಹೊದ್ದು ತರಗತಿಗೆ ಬರುತ್ತಿದ್ದರು. ಹೆಡ್ಮಾಸ್ಟರು ಒಮ್ಮೆ ಆಕ್ಷೇಪಿಸಿದಾಗ, “ಕೋಟು ಇಂಗ್ಲೆಂಡಿನ ಕುರಿದು, ಇದು ನಮ್ಮಪ್ಪನ ಕುರಿದು. ಎರಡೂ ಉಣ್ಣೇನೇ ಸಾರ್” ಎಂದರಂತೆ. ಹೊಸದಾಗಿ ಪರಿಚಯವಾದ ಯಾರನ್ನೇ ಆಗಲಿ ಅವರು ಕೇಳುತ್ತಿದ್ದುದು ಒಂದೇ: “ನಿಮ್ಮೋರು ಎಲ್ಲಿಂದ ಬಂದ್ರು?” ನಾನು ಮಧುಗಿರಿ ಎಂದೆ. “ಅದಕ್ಕೂ ಮುಂಚೆ?” ಎಂದರು. ಕಲ್ಯಾಣದ ಕಡೆಯಿಂದ ಬಂದವರಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು ಎಂದೆ. “ಅದಕ್ಕೂ ಮುಂಚೆ?” ನನಗೆ ಉತ್ತರ ಗೊತ್ತಿರಲಿಲ್ಲ. ಅವರಿಗೆ ಖುಷಿಯಾಯಿತು.

ಅವರ ಸಿಟ್ಟಿನ ಮೂಲ ನನಗೆ ತಿಳಿದದ್ದು ಅವರ ತಾಯಿಯಿಂದ. ಅವರಿಗೆ ಎಂಟು ವರ್ಷವಿದ್ದಾಗ ತಂದೆ ಮಂದೆ ಹೊಡೆದುಕೊಂಡು ಹಿಂದೂಪುರದಾಚೆಗೆ ಹೋಗಿದ್ದರಂತೆ. ಕುರಿಗಳು ಒಬ್ಬರ ಕಡಲೇಕಾಯಿ ಹೊಲಕ್ಕೆ ನುಗ್ಗಿದವು. ಹೊಲದವರು ಐದಾರು ಜನ ಬಂದು ತಂದೆಯನ್ನು ಬೇವಿನಮರಕ್ಕೆ ಕಟ್ಟಿ ಹೊಡೆದರು. “ಇವ್ನು ಅಲ್ಲೇ ಮರಿ ಎತ್ಕೊಂಡು ನಿಂತಿದ್ನಂತೆ ಕಣಪ್ಪಾ. ಅಳಲೂ ಇಲ್ಲ, ಓಡಲೂ ಇಲ್ಲ. ಅವತ್ತಿಂದ ಇವ್ನ ಕೈ ಇವ್ನ ಮಾತೇ ಕೇಳಾಕಿಲ್ಲ” ಎಂದಿದ್ದರು ಆ ಮುದುಕಿ.

ಪಠ್ಯಪುಸ್ತಕದಲ್ಲಿ ಆರ್ಯರ ಆಗಮನಕ್ಕೆ ಒಂದೂವರೆ ಪುಟವಿತ್ತು. ಅವರು ಅದಕ್ಕೆ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದರು. ಕೊನೆಯ ದಿನ ಮೊಹೆಂಜೊದಾರೊ ಪಟ್ಟಣದ ನಾಶ. ಆ ದಿನ ಬೇರೆ ತರಗತಿಯ ಹುಡುಗರೂ ಕಿಟಕಿಯಲ್ಲಿ ಜೋತುಬೀಳುತ್ತಿದ್ದರು. ಬೆತ್ತವೇ ಕತ್ತಿ, ಬೆಂಚೇ ಕೋಟೆಗೋಡೆ. ಕುದುರೆಯ ಖುರದ ಸದ್ದನ್ನು ಮೇಜಿನ ಮೇಲೆ ಎರಡು ಅಂಗೈಯಿಂದ ಬಾರಿಸುತ್ತಿದ್ದರು. ‘ಕಡಿ! ಸುಡು! ಬಿಡಬೇಡ!’ ಎಂಬ ಆರ್ಭಟ ನನ್ನ ತರಗತಿಗೂ ಕೇಳಿ, ನಾನು ಹೇಳುತ್ತಿದ್ದ ಷಟ್ಪದಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಡೆಯಲ್ಲಿ ಅವರು ನೆಲದ ಮೇಲೆ ಬೋರಲು ಬಿದ್ದು, ಒಂದು ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದು ಹೇಳುತ್ತಿದ್ದರು: “ಬಾವಿಯ ಮೆಟ್ಟಿಲ ಮೇಲೆ ಹೆಣಗಳು ಹಿಂಗೇ ಬಿದ್ದಿದ್ವು ಕಣ್ರೋ. ನೀರು ತರಾಕೆ ಹೋದೋರನ್ನ ಕಡಿದು ಹಾಕಿದ್ರು. ಹೂಳೋಕೂ ಯಾರೂ ಉಳೀಲಿಲ್ಲ.” ಹುಡುಗಿಯರು ಅಳುತ್ತಿದ್ದರು. ನಾನೂ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಕೊನೆಯವರೆಗೆ ನಿಲ್ಲಲಾರದೆ ವಾಪಸು ಬಂದೆ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ವಾರ್ಷಿಕೋತ್ಸವಕ್ಕೆ ಅದನ್ನೇ ನಾಟಕ ಮಾಡಿ ಎಂದು ಹೆಡ್ಮಾಸ್ಟರು ಹೇಳಿದರು. ಇಸ್ಟ್ರಿ ಮೇಷ್ಟ್ರು ಎರಡೇ ವಾರದಲ್ಲಿ ನಾಟಕ ಬರೆದು ಮುಗಿಸಿದರು. ಸಂಭಾಷಣೆ ತಿದ್ದಿಕೊಟ್ಟವನು ನಾನು. ಹಾಗಾಗಿ ಮುಂದೆ ಆದದ್ದರಲ್ಲಿ ನನಗೂ ಪಾಲಿದೆ. ಪಾತ್ರ ಹಂಚುವಾಗ ಹೆಡ್ಮಾಸ್ಟರು, “ಬೆಳ್ಳಗಿರೋ ಹುಡುಗರನ್ನ ಆರ್ಯರು ಮಾಡಿ, ಕಪ್ಪಗಿರೋರನ್ನ ಅವರ ವೈರಿ ದಾಸರು ಮಾಡಿ. ಸಹಜವಾಗಿರುತ್ತೆ” ಎಂದರು. ಅದು ತಪ್ಪು ಎಂದು ನಮಗಿಬ್ಬರಿಗೂ ಆಗ ಹೊಳೆಯಲಿಲ್ಲ. ಬೆಳ್ಳಗಿದ್ದವರು ಹೆಚ್ಚಿನಂಶ ಮೇಲಿನ ಬೀದಿಯವರು, ಕಪ್ಪಗಿದ್ದವರು ಕೆಳಗಿನ ಬೀದಿಯವರು. ಆ ಎರಡು ಬೀದಿಗಳ ನಡುವೆ ಒಂದು ಸೇದುವ ಬಾವಿ ಇತ್ತು. ಕೆಳಗಿನ ಬೀದಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಆ ಬೇಸಿಗೆಯಲ್ಲಿ ಅದಕ್ಕಾಗಿ ಎರಡು ಸಲ ಬಾಯಿಜಗಳವಾಗಿ ಒಂದು ಸಲ ಕೈ ಕೈ ಮಿಲಾಯಿಸಿತ್ತು. ನಮ್ಮ ನಾಟಕದ ಕೊನೆಯ ದೃಶ್ಯ ಬಾವಿಯ ಹತ್ತಿರ.

ಆರ್ಯರ ಸೇನಾಪತಿ ನಾಗರಾಜ, ಮೇಲಿನ ಬೀದಿಯ ಪಟೇಲರ ತಮ್ಮನ ಮಗ. ಪಟ್ಟಣದ ಒಡೆಯ ಕರಿಯಣ್ಣ, ಕೆಳಗಿನ ಬೀದಿಯಲ್ಲಿ ಬಾವಿ ತೋಡುವ ಕೆಲಸದವನ ಮಗ. ಇಬ್ಬರೂ ಹತ್ತನೇ ತರಗತಿ. ಕರಿಯಣ್ಣ ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ. ಇಸವಿಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ, ಆದ್ದರಿಂದ ಏಟೂ ಕಡಿಮೆ ತಿನ್ನುತ್ತಿದ್ದ. ಕತ್ತಿಗಳನ್ನು ಕಮ್ಮಾರನಿಂದ ಪೀಪಾಯಿಯ ಪಟ್ಟಿ ಬಡಿಸಿ ಮಾಡಿಸಿದ್ದರು. ರಟ್ಟಿನದು ಸಾಕು ಎಂದು ನಾನು ಹೇಳಿದ್ದೆ. “ರಟ್ಟಿನ ಕತ್ತಿಗೆ ಸದ್ದು ಬರಲ್ಲ ಕಣ್ರೀ” ಎಂದರು.

ತಾಲೀಮು ಸಂಜೆ ನಾಲ್ಕರ ಮೇಲೆ ಶಾಲೆಯ ಹಿಂದಿನ ಬಯಲಿನಲ್ಲಿ ನಡೆಯುತ್ತಿತ್ತು. ಕಲ್ಲು ಜೋಡಿಸಿ ಸುಳ್ಳು ಬಾವಿ ಕಟ್ಟಿದ್ದೆವು. ಒಂದು ಸಂಜೆ ಎರಡೂ ಬೀದಿಯ ಜನ ನೋಡಲು ಬಂದು ನಿಂತಿದ್ದರು. ನಾಗರಾಜ ಬರೆದುಕೊಟ್ಟ ಮಾತನ್ನು ಬಿಟ್ಟು, ಕತ್ತಿ ಝಳಪಿಸುತ್ತ ಕೂಗಿದ:

“ಬಾವಿ ಮುಟ್ಟಿದ್ರೆ ಕೈ ಕತ್ತರಿಸ್ತೀನಿ ಕಣ್ರೋ ನಿಮ್ದು! ನಿಮ್ಮಪ್ಪನ್ ಬಾವಿನೇನ್ಲಾ ಇದು?”

ಮೇಲಿನ ಬೀದಿಯವರು ನಕ್ಕರು, ಯಾರೋ ಸಿಳ್ಳೆ ಹಾಕಿದರು. ಕರಿಯಣ್ಣ ಈಗ ಏಟು ತಿಂದು ಮೆಟ್ಟಿಲ ಮೇಲೆ ಬಿದ್ದು ಸಾಯಬೇಕು. ನಾಗರಾಜ ಬೆನ್ನಿಗೆ ಒಂದು ಹಾಕಿದ. ಕರಿಯಣ್ಣ ಬೀಳಲಿಲ್ಲ. ಇನ್ನೊಂದು ಹಾಕಿದ. ಅವನು ಬಾವಿಕಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತ.

“ನಾನ್ ಸಾಯಾಕಿಲ್ಲ” ಎಂದ.

“ಬೀಳೋ ಲೇ! ಸಾಯ್ಬೇಕು ನೀನು!” ಎಂದು ಮೇಷ್ಟ್ರು ಕೂಗಿದರು.

“ಸಾಯಾಕಿಲ್ಲ ಸಾ. ನಮ್ಮಪ್ಪ ತೋಡಿರೋ ಬಾವಿ ಅದು.”

ಮೇಷ್ಟ್ರ ಮುಖಕ್ಕೆ ರಕ್ತ ನುಗ್ಗಿದ್ದು ಕಂಡಿತು. ತಮ್ಮ ನಾಟಕ ಜನರೆದುರು ಕೆಡುತ್ತಿದೆ ಎಂಬುದೊಂದೇ ಅವರ ತಲೆಯಲ್ಲಿತ್ತು. ನಾಗರಾಜನ ಕಡೆ ತಿರುಗಿ ಗಂಟಲು ಹರಿಯುವಂತೆ ಅರಚಿದರು: “ಹೊಡಿಯೋ! ಬೀಳೋ ಗಂಟ ಹೊಡಿಯೋ ಅವನಿಗೆ!”

ನಾಗರಾಜ ಹೊಡೆದ. ಪೀಪಾಯಿಯ ಪಟ್ಟಿ ಕರಿಯಣ್ಣನ ಎಡಗಣ್ಣಿನ ಮೇಲೆ ಅಡ್ಡಲಾಗಿ ಬಿತ್ತು. ಅವನು ಆಗಲೂ ಬೀಳಲಿಲ್ಲ. ಅಂಗೈಯಿಂದ ಕಣ್ಣು ಮುಚ್ಚಿಕೊಂಡ. ಬೆರಳ ಸಂದಿಯಲ್ಲಿ ರಕ್ತ ಮೊಣಕೈವರೆಗೆ ಇಳಿಯಿತು. ಆಮೇಲೆ ಸುಳ್ಳು ಬಾವಿಯ ಕಲ್ಲುಗಳನ್ನೇ ಕಿತ್ತು ಜನ ಒಬ್ಬರಿಗೊಬ್ಬರು ಎಸೆಯತೊಡಗಿದರು. ಹೊತ್ತು ಮುಳುಗುವ ಮುಂಚೆ ಕುಡುಗೋಲು, ದೊಣ್ಣೆ ಹೊರಬಂದವು. ಕೆಳಗಿನ ಬೀದಿಯಲ್ಲಿ ಎರಡು ಗುಡಿಸಲು ಉರಿದವು, ಮೇಲಿನ ಬೀದಿಯಲ್ಲಿ ಒಂದು ಹುಲ್ಲಿನ ಬಣವೆ. ಹನ್ನೊಂದು ಜನರ ತಲೆ ಒಡೆಯಿತು. ಮಧುಗಿರಿಯಿಂದ ಪೊಲೀಸ್ ವ್ಯಾನು ಬಂದಾಗ ಮೇಷ್ಟ್ರು ಊರಲ್ಲಿರಲಿಲ್ಲ. ಕರಿಯಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿ, ಕಡಲೇಕಾಯಿ ಲಾರಿಯೊಂದನ್ನು ಅಡ್ಡಗಟ್ಟಿ, ತುಮಕೂರಿನ ಆಸ್ಪತ್ರೆಗೆ ಹೊರಟಿದ್ದರು. ಕಣ್ಣು ಉಳಿಯಲಿಲ್ಲ.

ನಾಲ್ಕನೆಯ ದಿನ ಕರಿಯಣ್ಣನ ಅಪ್ಪ ಕೊಡಲಿ ಹಿಡಿದು ಶಾಲೆಗೆ ಬಂದ. ಗೇಟು ಹಾಕಿ ಎಂದು ಹೆಡ್ಮಾಸ್ಟರು ಜವಾನನಿಗೆ ಕೂಗಿದರು. ಮೇಷ್ಟ್ರು ಹೊರಗೆ ಹೋಗಿ ಅವನೆದುರು ನಿಂತರು.

“ನನ್ ಮಗ ಏನ್ ತೆಪ್ ಮಾಡ್ದ ಸ್ವಾಮಿ?” ಎಂದು ಅವನು ಕೇಳಿದ. ದನಿ ಏರಿಸಿಯೂ ಇರಲಿಲ್ಲ.

“ಏನೂ ಇಲ್ಲ. ನಾನು ಸಾಯಿ ಅಂದೆ. ಅವನು ಸಾಯಲ್ಲ ಅಂದ.”

ಆತ ಕೊಡಲಿಯನ್ನು ತಿರುವಿ ಹಿಡಿದು, ಕಾವಿನಿಂದ ಬಲಭುಜಕ್ಕೆ ಬೀಸಿದ. ಎಲುಬು ಮುರಿದ ಸದ್ದು ಜಗಲಿಯಲ್ಲಿದ್ದ ನನಗೆ ಕೇಳಿತು. ಮೇಷ್ಟ್ರು ಮಂಡಿಯೂರಿದರು. ಆತ ಕೊಡಲಿ ಅಲ್ಲೇ ಹಾಕಿ, ಅಳುತ್ತ ನಡೆದುಹೋದ. ಸೈಕಲ್ಲಿಂದ ಬಿದ್ದೆ ಎಂದು ಮೇಷ್ಟ್ರು ಪೊಲೀಸರಿಗೆ ಬರೆದುಕೊಟ್ಟರು. ನಾಗರಾಜನನ್ನು ಹಿಡಿದಾಗ ಮಾತ್ರ ಠಾಣೆಗೆ ಹೋಗಿ, “ಹೊಡಿ ಅಂದೋನು ನಾನು, ನನ್ನ ಬರ್ಕೊಳ್ಳಿ” ಎಂದರು. ಯಾರೂ ಬರೆದುಕೊಳ್ಳಲಿಲ್ಲ. ಪಟೇಲರ ಮಾತಿನ ಮೇಲೆ ಎಲ್ಲವೂ ರಾಜಿಯಲ್ಲಿ ಮುಗಿಯಿತು.

ಅದಾದ ಮೇಲೆ ಅವರು ಯಾರಿಗೂ ಹೊಡೆಯಲಿಲ್ಲ. ಸಿಟ್ಟು ಹೋಗಿತ್ತು ಎಂದಲ್ಲ. ಸಿಟ್ಟು ಬಂದಾಗ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು, ತುಟಿ ಕಚ್ಚಿ ನಿಲ್ಲುತ್ತಿದ್ದರು. ತುಟಿಯಲ್ಲಿ ರಕ್ತ ಕಂಡದ್ದೂ ಉಂಟು. ಹುಡುಗರು ಏಟಿಗಿಂತ ಅದಕ್ಕೇ ಹೆಚ್ಚು ಹೆದರುತ್ತಿದ್ದರು.

ಎರಡು ವರ್ಷದ ನಂತರ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ, ತಾವು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತು ದಿನ ಕೂತರು. ವಾಪಸು ಬಂದವರು ತಮ್ಮ ಮನೆಗೆ ಹೋಗಲಿಲ್ಲ. ಉರಿಬಿಸಿಲಿನಲ್ಲಿ ಮಧುಗಿರಿಯ ನಮ್ಮ ಮನೆಗೆ ಬಂದರು. ನೀರನ್ನೂ ಕುಡಿಯದೆ ಹೇಳಿದರು:

“ಯಾರೂ ಯಾರನ್ನೂ ಕೊಂದಿಲ್ಲ ಕಣ್ರೀ.”

“ಎಲ್ಲಿ ಸಾರ್?”

“ಮೊಹೆಂಜೊದಾರೊದಲ್ಲಿ. ಆ ಎಲುಬುಗಳು ಒಂದೇ ದಿನದವಲ್ಲ, ಒಂದೇ ಕಾಲದವೂ ಅಲ್ಲ. ಅವುಗಳ ಮೇಲೆ ಕತ್ತಿ ಗಾಯ ಇಲ್ಲ. ಎಲ್ಲೋ ಒಂದೆರಡರ ಮೇಲಿದ್ರೂ ಅದು ಗಾಯ ಮಾದ ಮೇಲೂ ಎಷ್ಟೋ ದಿನ ಬದುಕಿದ್ದೋರದ್ದು. ಊರು ಸುಟ್ಟ ಬೂದಿ ಇಲ್ಲ, ಮುರಿದ ಆಯುಧ ಇಲ್ಲ. ಅಗೆದೋರು ಅಸ್ಥಿಪಂಜರ ನೋಡಿ ಕತೆ ಕಟ್ಟಿದ್ರು. ನಾನು ಅದನ್ನ ಹದಿನಾಲ್ಕು ವರ್ಷ ನೆಲದ ಮೇಲೆ ಬಿದ್ದು ಬಿದ್ದು ಆಡಿ ತೋರಿಸ್ದೆ.”

“ಹಾಗಾದ್ರೆ ಆರ್ಯರು ಬರಲೇ ಇಲ್ವಾ?”

“ಬಂದಿದಾರೆ. ಭಾಷೆ ನಡ್ಕೊಂಡು ಬಂದಿದೆಯಲ್ರೀ, ಅದು ಬರಬೇಕಾದ್ರೆ ಬಾಯಿಗಳು ಬಂದಿರಲೇಬೇಕು. ದನ ಹೊಡ್ಕೊಂಡು, ಹುಲ್ಲು ನೀರು ಹುಡುಕ್ಕೊಂಡು, ಇವತ್ತೊಂದಷ್ಟು ಜನ, ನಾಳೆ ಒಂದಷ್ಟು ಜನ. ಜಗಳಾನೂ ಆಗಿರುತ್ತೆ. ನಮ್ಮಪ್ಪ ಏಟು ತಿಂದಿದಾನೆ, ಒಬ್ಬನ ತಲೆಯನ್ನೂ ಒಡೆದಿದಾನೆ. ಆದ್ರೆ ಒಂದು ಪಟ್ಟಣಾನೇ ಕಡಿದು ಹಾಕಿದ್ರು ಅನ್ನೋದಕ್ಕೆ ಸಾಕ್ಷಿ ಇಲ್ಲ. ಬರೋದು ಬೇರೆ, ಕಡಿಯೋದು ಬೇರೆ. ನಾನು ಎರಡನ್ನೂ ಒಂದು ಮಾಡಿ ಒಂದು ಕಣ್ಣು ತೆಗೆಸ್ದೆ.”

ಹೀಗೆಂದು ನಮ್ಮ ಪಡಸಾಲೆಯ ಗೋಡೆಗೆ ಮುಷ್ಟಿಯಿಂದ ಗುದ್ದಿದರು. ಒಂದಲ್ಲ, ನಾಲ್ಕೈದು ಸಲ. ಗೆಣ್ಣಿನ ಚರ್ಮ ಹರಿದು ಸುಣ್ಣದ ಗೋಡೆ ಕೆಂಪಾಯಿತು. ನನ್ನ ಹೆಂಡತಿ ಒಳಗಿನಿಂದ ಓಡಿಬಂದು ಅವರ ಕೈ ಹಿಡಿದು ನಿಲ್ಲಿಸಿದಳು.

ಶಾಲೆ ತೆರೆದ ದಿನ ಎಲ್ಲ ತರಗತಿಗಳನ್ನೂ ಬಯಲಿಗೆ ಕರೆದು, ‘ನಾನು ಕಲಿಸಿದ್ದು ತಪ್ಪು’ ಎಂದು ಹೇಳಿದರು. ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಿ ಒಬ್ಬೊಬ್ಬರಿಗೂ ಕಾರ್ಡು ಬರೆದರು. ಕೆಲವರು ಮೇಷ್ಟ್ರಿಗೆ ತಲೆಕೆಟ್ಟಿದೆ ಎಂದರು. ಕರಿಯಣ್ಣನಿಗೆ ಬರೆದ ಕಾರ್ಡು ವಿಳಾಸದಾರರಿಲ್ಲ ಎಂದು ಹಿಂದಕ್ಕೆ ಬಂತು. ಆ ಕುಟುಂಬ ಪಾವಗಡದ ಕಡೆ ಹೋಗಿ ನೆಲೆಸಿತ್ತು.

ಆ ವರ್ಷಗಳಲ್ಲಿ ನಮ್ಮ ತಾಲ್ಲೂಕುಗಳಲ್ಲಿ ಈ ವಿಷಯದ ಮೇಲೆ ಭಾಷಣಗಳು ಶುರುವಾಗಿದ್ದವು. ಮೇಷ್ಟ್ರು ಹುಡುಕಿಕೊಂಡು ಹೋಗುತ್ತಿದ್ದರು. ಮಧುಗಿರಿಯಲ್ಲಿ ಒಬ್ಬರು, ಆರ್ಯರು ಹೊರಗಿನಿಂದ ಬಂದರೆನ್ನುವವನು ದೇಶದ್ರೋಹಿ ಎಂದರು. ಇವರು ಎದ್ದುನಿಂತು, “ಬಂದಿದಾರೆ ಸ್ವಾಮಿ. ನಾವೂ ನೀವೂ ಎಲ್ಲ ಎಲ್ಲಿಂದಲೋ ಬಂದೋರೇ” ಎಂದರು. ಹೊರಗಿನ ಮೆಟ್ಟಿಲ ಮೇಲೆ ನಾಲ್ವರು ಅವರನ್ನು ಕೆಡವಿ ಹೊಟ್ಟೆಗೆ ಒದ್ದರು. ಎರಡು ಹಲ್ಲು ಹೋದವು. ಅವರು ಕೈ ಎತ್ತಲಿಲ್ಲ. ಮನಸ್ಸು ಮಾಡಿದ್ದರೆ ಆ ನಾಲ್ವರನ್ನೂ ಬಡಿದು ಹಾಕಬಲ್ಲ ಆಳು ಅವರು. ಅದು ನನಗೆ ಗೊತ್ತು.

ಮರುವರ್ಷ ಪಾವಗಡದಲ್ಲಿ ಇನ್ನೊಂದು ಸಭೆ. ಬೇಡವೆಂದರೂ ಕೇಳದೆ ಹೊರಟರು. ನಾನೂ ಜೊತೆಗೆ ಹೋದೆ. ಅಲ್ಲಿನ ಭಾಷಣಕಾರ, ಮೂರು ಸಾವಿರ ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಹರಿದ ರಕ್ತದ ಲೆಕ್ಕವನ್ನು ಇಂದು ಚುಕ್ತಾ ಮಾಡಬೇಕು ಎಂದು ಗುಡುಗಿದ. ಜನ ಎದ್ದು ಕೇಕೆ ಹಾಕಿದರು. ಮೇಷ್ಟ್ರು ಕೈ ಎತ್ತಿ ನಿಂತರು.

“ಆರ್ಯರು ಬಂದರು ಅನ್ನೋದು ಸರಿ. ಆದ್ರೆ ಆ ಕೊಲೆ ಆಗಿಲ್ಲ. ಅದಕ್ಕೆ ಸಾಕ್ಷಿ ಇಲ್ಲ.”

“ಎವಡ್ರಾ ವಾಡು? ಕೊಟ್ಟಂಡ್ರಾ!” ಎಂದು ಹಿಂದಿನಿಂದ ತೆಲುಗಿನಲ್ಲಿ ಯಾರೋ ಕೂಗಿದರು. ಯಾರೋ ಅವನು, ಹೊಡೀರೋ ಎಂದು ನಮ್ಮ ಪಕ್ಕದವರೂ ಎದ್ದರು. ಆಗ ವೇದಿಕೆಯಿಂದ ಒಬ್ಬ ಯುವಕ ಧುಮುಕಿ ಬಂದ. ಎಡಗಣ್ಣಿನ ಜಾಗದಲ್ಲಿ ಹೊಲಿದ ರೆಪ್ಪೆ. ಕರಿಯಣ್ಣ. ಬಂದವನೇ ಮೇಷ್ಟ್ರ ಕೊರಳಪಟ್ಟಿ ಹಿಡಿದ.

“ಆಗಿಲ್ವಾ ಸಾ? ನನ್ ಮುಖ ನೋಡಿ ಹೇಳಿ, ಆಗಿಲ್ವಾ? ಅಂಗಾರೆ ನನ್ ಕಣ್ಣು ಹೆಂಗೋಯ್ತು?”

ಮೇಷ್ಟ್ರು ಅವನ ಮುಖ ನೋಡಿದರು. ಎಲ್ಲರಿಗೂ ಕೇಳುವಂತೆ ಹೇಳಿದರು: “ಅದು ಆಗಿದೆ. ಅದಕ್ಕೆ ಸಾಕ್ಷಿ ನಾನೇ. ಹೊಡಿ ಅಂದೋನು ನಾನು. ಮೂರು ಸಾವಿರ ವರ್ಷದ ಹಿಂದಿನೋರನ್ನ ಯಾಕೆ ಹಿಡೀತೀಯಪ್ಪ? ನನ್ನ ಹಿಡ್ಕೋ.”

ಕರಿಯಣ್ಣ ಹೊಡೆದ. ಮೊದಲನೆಯದು ಕೆನ್ನೆಗೆ, ಎರಡನೆಯದು ಬಾಯಿಗೆ. ಮೂಗಿನಿಂದ ರಕ್ತ ಸುರಿದು ಬಿಳಿ ಷರಟಿನ ಎದೆ ತೊಯ್ದಿತು. ಮೂರನೆಯದಕ್ಕೆ ಮೇಷ್ಟ್ರು ಕುಸಿದರು. ಮಿಕ್ಕವರು ಮುನ್ನುಗ್ಗಿದಾಗ ಕರಿಯಣ್ಣನೇ ಮೇಷ್ಟ್ರ ಮೇಲೆ ಅಡ್ಡ ಬಿದ್ದ. “ಬುಡ್ರಲೇ! ಇವ್ರನ್ನ ನಂಗ್ ಬುಡ್ರಿ!” ಎನ್ನುತ್ತ ಬೆನ್ನಿಗೆ ಬೀಳುತ್ತಿದ್ದ ಒದೆಗಳನ್ನು ತಿಂದ. ನಾನು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅದನ್ನೂ ಬರೆಯಬೇಕು.

ಮುಂದೆ ಮೇಷ್ಟ್ರು ತಾವಾಗಿ ಕೇಳಿ ಪಾವಗಡ ತಾಲ್ಲೂಕಿಗೆ ವರ್ಗ ಮಾಡಿಸಿಕೊಂಡರು. ನಮ್ಮ ಭೇಟಿ ಕಡಿಮೆಯಾಯಿತು. ಭಾನುವಾರ ಭಾನುವಾರ ಕರಿಯಣ್ಣನ ಮನೆಗೆ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದರಂತೆ. ಮೊದಲ ಕೆಲವು ವಾರ ಅವನ ಅಪ್ಪ ಬಾಗಿಲನ್ನೇ ತೆಗೆಯಲಿಲ್ಲವಂತೆ. ಆಮೇಲೆ ತೆಗೆದ.

ಮೇಷ್ಟ್ರು ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಬಂದು ನಾನು ಬಲಸಮುದ್ರದ ಹತ್ತಿರ ಅವರಿದ್ದ ಹಳ್ಳಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಸಿರಾ ಕಡೆಯಿಂದ ಅಣ್ಣತಮ್ಮಂದಿರು ಬಂದಿದ್ದರು. ಕರಿಯಣ್ಣ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಬಿ.ಎಡ್. ಮುಗಿಸಿ ಅವನೂ ಈಗ ಪಾವಗಡದಲ್ಲಿ ಹಿಸ್ಟರಿ ಮೇಷ್ಟ್ರು. ಹೋದ ಭಾನುವಾರವೂ ಇಬ್ಬರೂ ಅದೇ ಮೊಹೆಂಜೊದಾರೊ ವಿಷಯಕ್ಕೆ ಕಿತ್ತಾಡಿದ್ದರಂತೆ. ಮೇಷ್ಟ್ರು ಸಿಟ್ಟಿನಲ್ಲಿ ಊಟ ಬಿಟ್ಟು ಎದ್ದುಹೋಗಿದ್ದರಂತೆ.

“ಆ ಪಾಠ ನೀನು ಹೇಗೆ ಮಾಡ್ತೀಯಪ್ಪ?” ಎಂದು ಕೇಳಿದೆ.

“ಬುಕ್ಕಲ್ಲಿರೋದನ್ನ ಓದಿಸ್ತೀನಿ ಸಾ. ಆಮ್ಯಾಕೆ, ನಮ್ ಮೇಷ್ಟ್ರು ಇದನ್ನ ಒಪ್ತಿರ್ಲಿಲ್ಲ, ಅವ್ರು ಹಿಂಗಿಂಗೆ ಅಂತಿದ್ರು ಅಂತ ಅದನ್ನೂ ಹೇಳ್ತೀನಿ.”

“ಅವರು ಅಂತಿದ್ದದ್ದನ್ನ ನೀನು ಒಪ್ತೀಯಾ?”

ಒಳಗೆ ಹೆಣ ಎತ್ತುವ ಗಡಿಬಿಡಿ ಶುರುವಾಗಿತ್ತು. ಕರಿಯಣ್ಣ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಇನ್ನೂ ಒಪ್ಪಿಲ್ಲ” ಎಂದು ಹೇಳಿ, ಜನರನ್ನು ಸರಿಸಿಕೊಂಡು ಹೋಗಿ ಚಟ್ಟದ ಮುಂಭಾಗಕ್ಕೆ ಹೆಗಲು ಕೊಟ್ಟ.